ಕ್ಯೂ ನಿಂತು ತಂದ ಯೂರಿಯಾ ಗಾಳಿಪಾಲು!

ಮುಂಗಾರು ಹದವಾಗಿ ಬಿದ್ದ ವರ್ಷ ನಮ್ಮ ಕಡೆ ಎರಡು ಸಾಲು ಕಾಣುತ್ತವೆ. ಒಂದು, ಹೊಲದಲ್ಲಿ ಮೊಳಕೆಯೊಡೆದ ಮೆಕ್ಕೆಜೋಳದ ಸಾಲು. ಇನ್ನೊಂದು, ಸೊಸೈಟಿ ಮುಂದೆ ಆಧಾರ್ ಕಾರ್ಡ್ ಹಿಡಿದು ಯೂರಿಯಾಕ್ಕೆ ನಿಂತ ರೈತರ ಸಾಲು. 2025ರ ಜುಲೈ, ಆಗಸ್ಟ್‌ನಲ್ಲಂತೂ ಯೂರಿಯಾ ಸಿಗದೆ ರಾಜ್ಯದ ಹಲವೆಡೆ ರೈತರು ಬೀದಿಗಿಳಿದರು. 2008ರ ಜೂನ್‌ನಲ್ಲಿ ಪಕ್ಕದ ಹಾವೇರಿಯಲ್ಲಿ ಗೊಬ್ಬರ ಕೇಳಿದ ತಪ್ಪಿಗೆ ಇಬ್ಬರು ರೈತರು ಪೊಲೀಸ್ ಗೋಲಿಬಾರ್‌ಗೆ ಬಲಿಯಾದದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಗೊಬ್ಬರ ಎಂದರೆ ನಮ್ಮ ಭಾಗದಲ್ಲಿ ಜೀವದ ಪ್ರಶ್ನೆ.

ಹೀಗೆ ಪಾಡುಪಟ್ಟು ತಂದ ಚೀಲದಲ್ಲಿ ಒಂದು ಪಾಲು ಬೆಳೆಯ ಬೇರಿಗೆ ಮುಟ್ಟುವುದೇ ಇಲ್ಲ. ಎರಚಿದ ಎರಡು ಮೂರು ದಿನಗಳಲ್ಲೇ ಅಮೋನಿಯಾ ಎಂಬ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ದನದ ಕೊಟ್ಟಿಗೆ, ತಿಪ್ಪೆ, ಕೋಳಿ ಫಾರಂಗಳಿಂದ ಏಳುವ ಘಾಟೂ ಇದೇ ಅನಿಲದ್ದು. ಯೂರಿಯಾ ಕೊರತೆಯ ಬಗ್ಗೆ ಪ್ರತಿವರ್ಷ ಮಾತನಾಡುವ ನಾವು ಈ ಸೋರಿಕೆಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ರೈತನ ಜೇಬು ಮತ್ತು ಊರಿನ ಗಾಳಿ ಎರಡನ್ನೂ ಒಟ್ಟಿಗೆ ಉಳಿಸಬಹುದಾದ ಜಾಗ ಇದು. ಈ ಕೆಲಸಕ್ಕೆ ಕೈ ಹಾಕಬೇಕಾದವರು ಹಳ್ಳಿಗಳಿಂದ ಬಂದು ಕಾಲೇಜು ಮೆಟ್ಟಿಲು ಹತ್ತಿರುವ ನಮ್ಮಂಥವರು ಎಂಬುದು ನನ್ನ ವಾದ.

ಗಾಳಿಯಿಂದ ಬಂದದ್ದು ಗಾಳಿಗೆ

ಪಿಯುಸಿಯಲ್ಲಿ ಹೇಬರ್ ಪ್ರಕ್ರಿಯೆಯನ್ನು ಬಾಯಿಪಾಠ ಮಾಡಿ ಅಂಕ ಪಡೆದವರು ನಾವು. ಗಾಳಿಯ ಸಾರಜನಕ, ಜೊತೆಗೆ ಜಲಜನಕ, ಹೆಚ್ಚಿನ ಒತ್ತಡ, ಕಬ್ಬಿಣದ ವೇಗವರ್ಧಕ, ಸಿಗುವುದು ಅಮೋನಿಯಾ. ಜರ್ಮನಿಯಲ್ಲಿ 1913ರಲ್ಲಿ ಮೊದಲ ಕಾರ್ಖಾನೆ ಶುರುವಾದ ಈ ವಿಧಾನ ಇವತ್ತು ಜಗತ್ತಿಗೆ ಅನ್ನ ಹಾಕುತ್ತಿದೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಪಣಂಬೂರಿನ ಕಾರ್ಖಾನೆ 1976ರಿಂದ ಯೂರಿಯಾ ತಯಾರಿಸುತ್ತಿದೆ. ಅಷ್ಟು ಶಾಖ, ಅಷ್ಟು ಒತ್ತಡ, ವಿದೇಶದಿಂದ ತರಿಸಿದ ನೈಸರ್ಗಿಕ ಅನಿಲ ಎಲ್ಲವನ್ನೂ ಸುರಿದು ಮಾಡಿದ ಬಿಳಿ ಹರಳು ಹೊಲದಲ್ಲಿ ಮತ್ತೆ ಅಮೋನಿಯಾ ಆಗುತ್ತದೆ ಎಂಬ ಅರ್ಧ ಪಾಠ ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ಆಗುವುದು ಹೀಗೆ. ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ತೇವ ಸಿಕ್ಕ ಕೂಡಲೇ ಅದು ಯೂರಿಯಾವನ್ನು ಒಡೆಯುತ್ತದೆ. ಒಡೆದ ಜಾಗದಲ್ಲಿ ಮಣ್ಣು ಸ್ವಲ್ಪ ಹೊತ್ತು ಕ್ಷಾರೀಯವಾಗುತ್ತದೆ. ಕಾಳು ಮಣ್ಣಿನೊಳಗೆ ಇದ್ದರೆ ಹುಟ್ಟಿದ ಅಮೋನಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬೇರಿಗೆ ಸಿಗುತ್ತದೆ. ಮೇಲೆಯೇ ಬಿದ್ದಿದ್ದರೆ ಬಿಸಿಲಿಗೆ, ಗಾಳಿಗೆ ಅನಿಲವಾಗಿ ಎದ್ದು ಹೋಗುತ್ತದೆ. ಮೊದಲೇ ಕ್ಷಾರ ಹೆಚ್ಚಿರುವ, ಸುಣ್ಣದ ಅಂಶವಿರುವ ಕಪ್ಪು ಮಣ್ಣಿನಲ್ಲಿ ಈ ನಷ್ಟ ಇನ್ನೂ ಜಾಸ್ತಿ.

ಒಂದು ಸಣ್ಣ ಲೆಕ್ಕ ಹಾಕೋಣ. 45 ಕಿಲೋ ಯೂರಿಯಾ ಚೀಲದಲ್ಲಿ ಶೇ 46ರಷ್ಟು, ಅಂದರೆ ಸುಮಾರು 20.7 ಕಿಲೋ ಸಾರಜನಕ ಇರುತ್ತದೆ. ಅದರಲ್ಲಿ ಐದನೇ ಒಂದು ಪಾಲು ಹಾರಿಹೋಯಿತು ಎಂದಿಟ್ಟುಕೊಳ್ಳಿ. ಸುಮಾರು 4 ಕಿಲೋ ಸಾರಜನಕ ಹೋಯಿತು. ಅನಿಲದ ರೂಪದಲ್ಲಿ ಅದು ಸುಮಾರು 5 ಕಿಲೋ ಅಮೋನಿಯಾ. ಹತ್ತು ಚೀಲ ಹಾಕಿದವನ ಹೊಲದಿಂದ ಎರಡು ಚೀಲ ಗಾಳಿಗೆ ಹೋದಂತಾಯಿತು. ಮಣ್ಣು, ಬಿಸಿಲು, ನೀರು, ಹಾಕುವ ರೀತಿ ನೋಡಿಕೊಂಡು ಈ ಪಾಲು ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಕಡಿಮೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ ಎಂಬುದೇ ಮುಖ್ಯ.

2015ರಿಂದ ದೇಶದಲ್ಲಿ ಸಿಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಇದೆಯಲ್ಲ ಎಂದು ಕೆಲವರು ಕೇಳಬಹುದು. ಬೇವಿನೆಣ್ಣೆ ಮುಖ್ಯವಾಗಿ ತಡೆಯುವುದು ಮುಂದಿನ ಹಂತವನ್ನು, ಅಮೋನಿಯಂ ನೈಟ್ರೇಟ್ ಆಗುವ ವೇಗವನ್ನು. ಅಮೋನಿಯಾ ಹಾರುವುದು ಅದಕ್ಕಿಂತ ಮೊದಲೇ. ಬೇವಿನ ಲೇಪನ ಇದೆ ಎಂದು ಮಣ್ಣಿನ ಮೇಲೆ ಚೆಲ್ಲಿ ಬಂದರೆ ಸೋರಿಕೆ ನಿಲ್ಲುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ನೋಡಿ. ಒಂದೇ ಜಿಲ್ಲೆಯಾದರೂ ನೀರು, ಮಣ್ಣು, ಬೆಳೆ ಬೇರೆ ಬೇರೆ. ಅಮೋನಿಯಾ ತಪ್ಪಿಸಿಕೊಳ್ಳುವ ದಾರಿಯೂ ಬೇರೆ ಬೇರೆ.

ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆ, ಭದ್ರಾ ನಾಲೆ, ಭತ್ತದ ಗದ್ದೆ. ನೀರು ನಿಂತ ಗದ್ದೆಯಲ್ಲಿ ಪಾಚಿ ಬೆಳೆದಿರುತ್ತದೆ. ಬಿಸಿಲು ಏರಿದಂತೆ ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ನೀರು ಕ್ಷಾರೀಯವಾಗುತ್ತದೆ. ಆ ಹೊತ್ತಿನಲ್ಲಿ ಯೂರಿಯಾ ಎರಚಿದರೆ ಗದ್ದೆಯಿಂದ ಅಮೋನಿಯಾ ಎದ್ದು ಹೋಗಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೊಂದಿಲ್ಲ. ನೀರು ಬಸಿದು, ಕೆಸರಿಗೆ ಗೊಬ್ಬರ ಕೊಟ್ಟು, ಆಮೇಲೆ ನೀರು ಕಟ್ಟಿದರೆ ಬಹಳಷ್ಟು ಉಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ನಾಲೆ ನೀರು ಹೇಳಿದ ದಿನ ಬರಬೇಕು ಅಷ್ಟೆ. ಆದ್ದರಿಂದ ನೀರಾವರಿ ಇಲಾಖೆಗೂ ಇದರಲ್ಲಿ ಪಾಲಿದೆ.

ಚನ್ನಗಿರಿಯೆಂದರೆ ಅಡಿಕೆ ಸೀಮೆ. ತೋಟಕ್ಕೆ ಕೊಟ್ಟಿಗೆ ಗೊಬ್ಬರ, ಕುರಿ ಗೊಬ್ಬರ, ಕೋಳಿ ಗೊಬ್ಬರ ಎಲ್ಲವೂ ಬೇಕು. ಹಸುವಿನ ಗಂಜಲದಲ್ಲಿ ಇರುವುದೂ ಯೂರಿಯಾವೇ. ಸಗಣಿಯಲ್ಲಿರುವ ಕಿಣ್ವಕ್ಕೆ ಅದು ಬೆರೆತ ಕೂಡಲೇ ಅಮೋನಿಯಾ ಹುಟ್ಟುತ್ತದೆ. ಕೊಟ್ಟಿಗೆಯ ನೆಲ ಇಳಿಜಾರಾಗಿದ್ದು ಗಂಜಲ ಬೇರೆ ಗುಂಡಿಗೆ ಹರಿದರೆ ಘಾಟು ಅರ್ಧ ಇಳಿಯುತ್ತದೆ, ಗಂಜಲವೂ ಕೈಗೆ ಸಿಗುತ್ತದೆ. ಲಾರಿಯಿಂದ ಇಳಿಸಿದ ಗೊಬ್ಬರ ತೋಟದ ಬದಿಯಲ್ಲಿ ಬಾಯಿ ತೆರೆದು ವಾರಗಟ್ಟಲೆ ಒಣಗಿದರೆ ರೈತ ಕೊಂಡದ್ದರಲ್ಲಿ ಸಾರ ಹೋಗಿ ಕಸ ಉಳಿಯುತ್ತದೆ. ಬುಡಕ್ಕೆ ಹಾಕಿ ಮಣ್ಣು, ಅಡಿಕೆ ಗರಿ ಮುಚ್ಚಿದರೆ ಮಾತು ಬೇರೆ.

ನ್ಯಾಮತಿ ಕಡೆ ಮಳೆಯಾಶ್ರಿತ ಮೆಕ್ಕೆಜೋಳ ಹೆಚ್ಚು. ಮಳೆ ಬಂದ ಮಾರನೆ ದಿನ ಮೇಲುಗೊಬ್ಬರ ಚೆಲ್ಲುವುದು ರೂಢಿ. ಮಣ್ಣು ಹಸಿ ಇದೆ, ಮೇಲೆ ಬಿಸಿಲು ಬಂದಿದೆ, ಮತ್ತೆ ಮಳೆ ಬರಲಿಲ್ಲ ಎಂದರೆ ಯೂರಿಯಾ ಕರಗುತ್ತದೆ, ಆದರೆ ಕೆಳಗೆ ಇಳಿಯುವುದಿಲ್ಲ. ಇಲ್ಲಿ ಪರಿಹಾರ ನಮ್ಮ ಅಟ್ಟದ ಮೇಲೇ ಇದೆ. ಗೊಬ್ಬರ ಸಾಲಿಗೆ ಹಾಕಿದ ಬೆನ್ನಿಗೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಸಾಕು. ಎತ್ತು ಕಡಿಮೆಯಾಗಿ, ಕೂಲಿ ದುಬಾರಿಯಾಗಿ, ಕೈಯಲ್ಲಿ ಎರಚಿ ಹೋಗುವ ಅಭ್ಯಾಸ ಬೆಳೆದಿರುವುದರಿಂದ ಈ ಸರಳ ಕೆಲಸವೇ ತಪ್ಪಿಹೋಗುತ್ತಿದೆ.

ಜಗಳೂರು ಬರದ ನಾಡು. ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಳಿಂದ ಕಾಯುತ್ತಿರುವ ತಾಲ್ಲೂಕು. ಇಲ್ಲಿ ಕುರಿ ಸಾಕಣೆ ಇದೆ, ಹೊಲದಲ್ಲಿ ಕುರಿ ಮಂದೆ ತರುಬಿಸುವ ಪದ್ಧತಿ ಇದೆ. ಹಿಕ್ಕೆ, ಗಂಜಲ ನೇರವಾಗಿ ಹೊಲಕ್ಕೇ ಬೀಳುವುದು ಒಳ್ಳೆಯದೇ. ಮಂದೆ ಎದ್ದ ಬೆನ್ನಿಗೇ ಹರಗುವ ರೈತರೂ ಇದ್ದಾರೆ. ಪುಸ್ತಕ ಓದದೆಯೂ ಅಮೋನಿಯಾವನ್ನು ಮಣ್ಣಿನಲ್ಲಿ ಕಟ್ಟಿಹಾಕುವ ಜಾಣತನ ಅದು. ಮುಂದೆ ನೀರು ಬಂದರೆ ಬೆಳೆ ಬದಲಾಗುತ್ತದೆ, ಗೊಬ್ಬರದ ಬಳಕೆ ಹೆಚ್ಚುತ್ತದೆ. ಹಳೆಯ ಜಾಣತನ ಆಗಲೂ ಉಳಿಯುತ್ತದೆಯೇ ಎಂಬುದು ಈಗಲೇ ಕೇಳಬೇಕಾದ ಪ್ರಶ್ನೆ.

ವಾಸನೆ ಅಷ್ಟೇ ಅಲ್ಲ

‘ಹಳ್ಳಿ ಎಂದ ಮೇಲೆ ಸಗಣಿ ವಾಸನೆ ಇಲ್ಲದೆ ಇರುತ್ತದೆಯೇ, ಇದೆಲ್ಲ ಪೇಟೆಯವರ ಕೊರಗು’ ಎನ್ನುವವರಿದ್ದಾರೆ. ಎರಡು ಹಸು ಕಟ್ಟಿದ ಮನೆಯ ಬಗ್ಗೆ ನಾನೂ ಹಾಗೇ ಹೇಳುತ್ತೇನೆ. ಸಾವಿರಾರು ಕೋಳಿಗಳಿರುವ ಶೆಡ್ಡಿನ ಮಾತು ಬೇರೆ. ಮೆಕ್ಕೆಜೋಳ ಬೆಳೆಯುವ ಜಿಲ್ಲೆಗೆ ಕೋಳಿ ಫಾರಂ ಬರುವುದು ಸಹಜ, ಮೇವು ಇಲ್ಲೇ ಸಿಗುತ್ತದೆ. ಡಿಗ್ರಿ ಮುಗಿಸಿ ಕೆಲಸ ಸಿಗದ ಎಷ್ಟೋ ಯುವಕರು ಸಾಲ ಮಾಡಿ ಫಾರಂ ಹಾಕಿದ್ದಾರೆ. ಅವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಶೆಡ್ಡಿನೊಳಗೆ ದಿನವಿಡೀ ಇರುವವರು ಅವರು ಮತ್ತು ಅವರ ಕೂಲಿಯಾಳುಗಳು. ಮೊದಲು ಹೊಗೆ ಕುಡಿದಂತೆ ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಅವರಿಗೇ. ಆಮೇಲೆ ಮೂಗು ಒಗ್ಗಿಬಿಡುತ್ತದೆ. ಮೂಗು ಒಗ್ಗಿತು ಎಂದರೆ ಅನಿಲ ಕಡಿಮೆಯಾಯಿತು ಎಂದಲ್ಲ, ಗೊತ್ತಾಗುವುದು ನಿಂತಿತು ಎಂದಷ್ಟೇ. ಎಂಟು ಗಂಟೆಯ ಕೆಲಸಕ್ಕೆ 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು ಅಮೋನಿಯಾ ಮೀರಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೇಲೆ ಹೋದರೆ ಕೋಳಿಯ ಕಣ್ಣು, ಶ್ವಾಸಕೋಶಕ್ಕೂ ಕೇಡು. ಹಾಸು ಒದ್ದೆಯಾಗದಂತೆ ನೀರಿನ ನಿಪ್ಪಲ್ ಸರಿಮಾಡಿಸುವುದು, ಚಳಿಗೆ ಪರದೆ ಎಳೆದಾಗಲೂ ಗಾಳಿಗೆ ಸಂದು ಬಿಡುವುದು, ಹಾಸನ್ನು ಆಗಾಗ ತಿರುವುವುದು ಇವೆಲ್ಲ ಲಾಭದ ಕೆಲಸಗಳೇ.

ಅಮೋನಿಯಾ ಊರಿನಲ್ಲೇ ಉಳಿಯುವುದೂ ಇಲ್ಲ. ಲಾರಿ, ಬಸ್ಸು, ಕಾರ್ಖಾನೆಗಳ ಹೊಗೆಯಿಂದ ಗಾಳಿಯಲ್ಲಿ ಹುಟ್ಟುವ ಗಂಧಕಾಮ್ಲ, ನೈಟ್ರಿಕ್ ಆಮ್ಲದ ಜೊತೆ ಸೇರಿ ಅದು ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್ ಎಂಬ ಸೂಕ್ಷ್ಮ ಕಣವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಎಂಬ ದೂಳಿನಲ್ಲಿ ಇಂಥ ಕಣಗಳದ್ದೂ ದೊಡ್ಡ ಪಾಲು. ಅಮೋನಿಯಾ ಒಂದೇ ಖಳನಾಯಕ ಅಲ್ಲ. ಪೇಟೆಯ ಹೊಗೆ ಮತ್ತು ಹಳ್ಳಿಯ ಅಮೋನಿಯಾ ಕೈಜೋಡಿಸಿದಾಗ ಈ ಕಣ ಹುಟ್ಟುತ್ತದೆ.

ಇಲ್ಲೊಂದು ವಿಚಿತ್ರ ನೋಡಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ನಗರದ ರಸ್ತೆ ಗುಡಿಸುವುದು, ದೂಳಿಗೆ ನೀರು ಹಾಕುವುದು, ವಾಹನಗಳ ಹೊಗೆ ತಪಾಸಣೆ ಇವೆಲ್ಲ ಆಗಬೇಕಾದದ್ದೇ. ಆದರೆ ಗಾಳಿಗೆ ಪಾಲಿಕೆಯ ಗಡಿ ಗೊತ್ತಿಲ್ಲ. ಸುತ್ತಲಿನ ತಾಲ್ಲೂಕುಗಳ ಹೊಲ, ಫಾರಂಗಳನ್ನು ಬಿಟ್ಟು ನಗರದ ಗಾಳಿಯನ್ನು ಮಾತ್ರ ತೊಳೆಯಲು ಆಗುವುದಿಲ್ಲ. ದೇಶದ ವಾಯು ಗುಣಮಟ್ಟ ಮಾನದಂಡದಲ್ಲಿ 2009ರಿಂದಲೂ ಅಮೋನಿಯಾ ಇದೆ: 24 ಗಂಟೆಯ ಸರಾಸರಿ ಘನ ಮೀಟರಿಗೆ 400 ಮೈಕ್ರೊಗ್ರಾಂ, ವರ್ಷದ ಸರಾಸರಿ 100 ಮೈಕ್ರೊಗ್ರಾಂ ಮೀರಬಾರದು. ಮಾನದಂಡ ಹಳ್ಳಿಗೂ ಒಂದೇ. ಅಳೆಯುವ ಯಂತ್ರವೂ ಹಳ್ಳಿಗೆ ಬರಬೇಕಲ್ಲವೇ?

ಈಗಲೇ ಯಾಕೆ?

ನಮ್ಮದೇನು ಗಂಗಾ ಬಯಲಲ್ಲ. ಉಪಗ್ರಹಗಳು ತೆಗೆದ ಅಮೋನಿಯಾ ನಕ್ಷೆಯಲ್ಲಿ ಜಗತ್ತಿನಲ್ಲೇ ದಟ್ಟವಾಗಿ ಕಾಣುವ ಜಾಗಗಳಲ್ಲಿ ಉತ್ತರ ಭಾರತದ ಆ ಬಯಲು ಮುಂದಿದೆ. ನಮ್ಮ ಸ್ಥಿತಿ ಅಷ್ಟು ಕೆಟ್ಟಿಲ್ಲ. ಕೆಡುವ ಮೊದಲೇ ಕೆಲಸ ಮಾಡಬಹುದು ಎಂಬುದಕ್ಕೇ ಈ ಮಾತು ಹೇಳುತ್ತಿದ್ದೇನೆ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್ ಉದಾಹರಣೆ. ಪುಟ್ಟ ದೇಶದಲ್ಲಿ ಮಿತಿಮೀರಿ ದನ, ಹಂದಿ, ಕೋಳಿ ಸಾಕಿ ಸಾರಜನಕ ಮಣ್ಣು, ಕಾಡು, ಜೌಗುಗಳನ್ನೆಲ್ಲ ಹಾಳುಮಾಡಿತು. 2019ರ ಮೇನಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಸರ್ಕಾರದ ಸಾರಜನಕ ನೀತಿಯನ್ನೇ ತಳ್ಳಿಹಾಕಿತು. ಒಂದೇ ಏಟಿಗೆ ಸಾವಿರಾರು ಕಾಮಗಾರಿಗಳು ನಿಂತವು. ದನಗಳ ಸಂಖ್ಯೆ ಕಡಿಮೆ ಮಾಡಬೇಕೆಂಬ ಮಾತು ಬಂದಾಗ ರೈತರು ಟ್ರ್ಯಾಕ್ಟರ್‌ಗಳಲ್ಲಿ ರಸ್ತೆಗಿಳಿದರು. ದಶಕಗಳ ಕಾಲ ಮುಂದೂಡಿದ ಲೆಕ್ಕವನ್ನು ಒಂದೇ ಪೀಳಿಗೆಯ ರೈತರ ತಲೆಗೆ ಕಟ್ಟಿದರೆ ಇನ್ನೇನಾದೀತು? ಜರ್ಮನಿ ಬೇರೆ ದಾರಿ ಹಿಡಿಯಿತು. 2020ರಿಂದ ಅಲ್ಲಿ ಯೂರಿಯಾ ಹಾಕಬೇಕಾದರೆ ಯೂರಿಯೇಸ್ ತಡೆಯುವ ಪದಾರ್ಥ ಬೆರೆಸಿರಬೇಕು, ಇಲ್ಲವೇ ನಾಲ್ಕು ಗಂಟೆಯೊಳಗೆ ಮಣ್ಣಿನಲ್ಲಿ ಬೆರೆಸಬೇಕು. ಎಡೆಕುಂಟೆಯ ತತ್ವವೇ ಅಲ್ಲಿ ಕಾನೂನಾಗಿದೆ.

ನಮ್ಮಲ್ಲಿ ದಂಡ ಹಾಕುವ ಕಾನೂನು ಬೇಡ. ಎರಡು ಎಕರೆ ರೈತನನ್ನು ಮಾಲಿನ್ಯ ಮಾಡುವವನೆಂದು ಕರೆಯುವುದು ಅನ್ಯಾಯ. 45 ಕಿಲೋ ಯೂರಿಯಾ ಚೀಲ ₹266.50ಕ್ಕೆ ಸಿಗುತ್ತದೆ, 50 ಕಿಲೋ ಡಿಎಪಿಗೆ ₹1,350 ಕೊಡಬೇಕು. ಬೆಲೆಯ ಈ ಅಂತರವೇ ರೈತನ ಕೈಯನ್ನು ಯೂರಿಯಾ ಕಡೆ ಎಳೆಯುತ್ತದೆ. ಬೆಲೆ ನಿಗದಿ ಮಾಡಿದವರು ದೆಹಲಿಯಲ್ಲಿರುವಾಗ ತಪ್ಪನ್ನು ಹೊಲದಲ್ಲಿ ಹುಡುಕಬಾರದು.

ದೊಡ್ಡ ಫಾರಂಗಳಿಗೆ ಮಾತ್ರ ನಿಯಮ ಬಿಗಿಯಾಗಿಯೇ ಇರಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿ ಪ್ರಕಾರ 25 ಸಾವಿರಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂಗಳು ಮಂಡಳಿಯ ಒಪ್ಪಿಗೆ ಪಡೆಯಬೇಕು. ಹೊಸ ಫಾರಂ ಜನವಸತಿಯಿಂದ 500 ಮೀಟರ್ ದೂರ ಇರಬೇಕು. ಲೈಸೆನ್ಸ್ ಕೊಡುವ ಮುನ್ನ ಪಂಚಾಯಿತಿಯವರು ಒಮ್ಮೆ ಟೇಪು ಹಿಡಿದು ಅಳೆದರೂ ಮುಂದಿನ ಎಷ್ಟೋ ಜಗಳ ತಪ್ಪುತ್ತದೆ.

ನಾವೇನು ಮಾಡಬಹುದು?

ಪ್ರತಿವರ್ಷ ಕೊನೆಯ ಸೆಮಿಸ್ಟರ್‌ನಲ್ಲಿ ಸಾವಿರಾರು ಪ್ರಾಜೆಕ್ಟ್‌ಗಳು ತಯಾರಾಗುತ್ತವೆ. ಅದೇ ಗೆರೆ ಹಿಡಿದು ಓಡುವ ರೋಬೊ, ಅದೇ ಬೀದಿದೀಪ. ವೈವಾ ಮುಗಿದ ಮೇಲೆ ಕಪಾಟು ಸೇರುತ್ತವೆ. ನಮ್ಮ ಊರಿಗೇ ಬೇಕಾದ ಪ್ರಾಜೆಕ್ಟ್‌ಗಳು ಹೊಲದಲ್ಲಿ ಕಾಯುತ್ತಿವೆ.

ಮೆಕ್ಯಾನಿಕಲ್‌ನವರು ಎರಡು ಸಾಲಿನ ನಡುವೆ ತಳ್ಳಿಕೊಂಡು ಹೋಗುವ, ಯೂರಿಯಾವನ್ನು ನಾಲ್ಕು ಬೆರಳು ಆಳಕ್ಕೆ ಇಳಿಸಿ ಮುಚ್ಚುವ ಹಗುರವಾದ ಸಾಧನ ಮಾಡಬಹುದು. ಒಬ್ಬ ಹೆಣ್ಣುಮಗಳು ಸೊಂಟ ಬಗ್ಗಿಸದೆ ತಳ್ಳುವಂತಿರಬೇಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿ ಆಗಬೇಕು. ಎಲೆಕ್ಟ್ರಾನಿಕ್ಸ್‌ನವರು ಕೋಳಿ ಶೆಡ್ಡಿಗೆ ಅಮೋನಿಯಾ ಎಚ್ಚರಿಕೆ ಗಂಟೆ ಮಾಡಬಹುದು. ಅಗ್ಗದ ಎಂಕ್ಯೂ–135 ಸಂವೇದಕ ಅಮೋನಿಯಾಕ್ಕೂ ಹೊಗೆಗೂ ಆಲ್ಕೋಹಾಲಿಗೂ ಒಂದೇ ರೀತಿ ಬೆಚ್ಚುತ್ತದೆ, ಆದ್ದರಿಂದ ಅದರ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದನ್ನು ಸರಿಯಾದ ಉಪಕರಣದ ಪಕ್ಕ ಇಟ್ಟು ಹೋಲಿಸಿ ನೋಡುವುದೇ ಒಳ್ಳೆಯ ಪ್ರಾಜೆಕ್ಟ್.

ಸಿವಿಲ್, ಕೆಮಿಕಲ್, ಬಿಎಸ್ಸಿ ವಿದ್ಯಾರ್ಥಿಗಳಿಗೆ ಇನ್ನೂ ಸುಲಭದ ಕೆಲಸವಿದೆ. ಬ್ರೆಜಿಲ್‌ನ ಸಂಶೋಧಕರು ಎರಡು ಲೀಟರ್ ತಂಪು ಪಾನೀಯದ ಖಾಲಿ ಬಾಟಲಿಯಿಂದಲೇ ಅಮೋನಿಯಾ ಅಳೆಯುವ ವಿಧಾನ ರೂಪಿಸಿದ್ದಾರೆ. ಬಾಟಲಿಯ ತಳ ಕತ್ತರಿಸಿ ಹೊಲದಲ್ಲಿ ನಿಲ್ಲಿಸುವುದು, ಒಳಗೆ ಸಾರರಿಕ್ತ ಆಮ್ಲದಲ್ಲಿ ಅದ್ದಿದ ಸ್ಪಂಜಿನ ಪಟ್ಟಿ ತೂಗುಬಿಡುವುದು. ಮಣ್ಣಿನಿಂದ ಎದ್ದ ಅಮೋನಿಯಾ ಪಟ್ಟಿಗೆ ಅಂಟಿಕೊಳ್ಳುತ್ತದೆ. ಅದನ್ನು ಲ್ಯಾಬಿಗೆ ತಂದು ಎಷ್ಟು ಸಿಕ್ಕಿತೆಂದು ಪರೀಕ್ಷಿಸಿದರೆ ಲೆಕ್ಕ ಸಿಗುತ್ತದೆ. ಆಮ್ಲದ ಕೆಲಸವಾದ್ದರಿಂದ ಮೇಷ್ಟ್ರು ಜೊತೆಗಿರಬೇಕು. ಒಂದೇ ಹೊಲದಲ್ಲಿ ಯೂರಿಯಾ ಚೆಲ್ಲಿದ ಸಾಲಿಗೆ ಒಂದು ಬಾಟಲಿ, ಮಣ್ಣು ಮುಚ್ಚಿದ ಸಾಲಿಗೆ ಒಂದು ಬಾಟಲಿ ಇಟ್ಟು ವಾರದ ಕೊನೆಗೆ ಎರಡನ್ನೂ ರೈತರ ಮುಂದೆ ಪರೀಕ್ಷಿಸಿ ತೋರಿಸಿ. ನೂರು ಭಾಷಣ ಮಾಡದ ಕೆಲಸವನ್ನು ಆ ಎರಡು ಬಾಟಲಿ ಮಾಡುತ್ತವೆ.

ಇದಕ್ಕೆ ಆಸರೆಯೂ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಎಂಜಿನಿಯರಿಂಗ್ ಕಾಲೇಜಿನವರು ಮತ್ತು ಕೃಷಿ ವಿಜ್ಞಾನಿಗಳು ಒಂದೇ ಬದುವಿನ ಮೇಲೆ ನಿಂತು ಮಾತಾಡುವುದು ಅಪರೂಪ. ಆ ಅಪರೂಪವನ್ನು ಮುರಿಯಲು ಒಂದು ಪತ್ರ, ಒಂದು ಬಸ್ ಪ್ರಯಾಣ ಸಾಕು.

ಕೆಲಸ ಹುಡುಕುತ್ತಿರುವ ಅಣ್ಣ, ಅಕ್ಕಂದಿರಿಗೂ ಒಂದು ಮಾತು. ಮಣ್ಣು ಪರೀಕ್ಷೆ, ಗಾಳಿ ಪರೀಕ್ಷೆ, ಗೋಬರ್ ಗ್ಯಾಸ್ ಘಟಕ ಕಟ್ಟುವುದು, ಫಾರಂಗಳಿಗೆ ಮಾಲಿನ್ಯ ಮಂಡಳಿಯ ಕಾಗದಪತ್ರ ಮಾಡಿಕೊಡುವುದು, ಗೊಬ್ಬರ ಮುಚ್ಚುವ ಯಂತ್ರ ಬಾಡಿಗೆಗೆ ಕೊಡುವುದು ಇವೆಲ್ಲ ತಾಲ್ಲೂಕು ಕೇಂದ್ರದಲ್ಲೇ ಕೂತು ಮಾಡಬಹುದಾದ ಕೆಲಸಗಳು. ಇದಕ್ಕೆಲ್ಲ ಬೆಂಗಳೂರಿನ ಪಿಜಿಯಲ್ಲಿ ಆರು ತಿಂಗಳು ಕೂರಬೇಕಿಲ್ಲ.

ಸರ್ಕಾರಕ್ಕೆ ಕೇಳಬೇಕಾದದ್ದು ಮೂರೇ. ನಾಲ್ಕೂ ತಾಲ್ಲೂಕುಗಳಲ್ಲಿ ಒಂದೊಂದಾದರೂ ಅಮೋನಿಯಾ ಸೇರಿದಂತೆ ಗಾಳಿ ಅಳೆಯುವ ಕೇಂದ್ರ ಬರಲಿ, ಅದರ ಅಂಕಿ ಪಂಚಾಯಿತಿ ಫಲಕದಲ್ಲಿ ಕಾಣಲಿ. ಸೊಸೈಟಿಯಲ್ಲಿ ಯೂರಿಯಾ ಚೀಲ ಕೊಡುವಾಗ ಅದನ್ನು ಯಾವಾಗ, ಹೇಗೆ ಹಾಕಬೇಕೆಂಬ ಒಂದು ಪುಟದ ಕನ್ನಡ ಚೀಟಿಯನ್ನೂ ಕೊಡಲಿ. ಎಲೆಯ ಹಸಿರು ನೋಡಿ ಗೊಬ್ಬರ ಬೇಕೋ ಬೇಡವೋ ಹೇಳುವ ಎಲೆ ಬಣ್ಣದ ಪಟ್ಟಿಯನ್ನು ಪ್ರತಿ ಭತ್ತದ ರೈತನಿಗೆ ಉಚಿತವಾಗಿ ಹಂಚಲಿ. ಸಬ್ಸಿಡಿಗೆ ಸುರಿಯುವ ಹಣದ ಮುಂದೆ ಈ ಪ್ಲಾಸ್ಟಿಕ್ ಪಟ್ಟಿಯ ಖರ್ಚು ಏನೇನೂ ಅಲ್ಲ.

ಮುಂದಿನ ಮುಂಗಾರಿಗೆ ಸೊಸೈಟಿ ಮುಂದೆ ಮತ್ತೆ ಸಾಲು ನಿಲ್ಲುತ್ತದೆ. ಅದರಲ್ಲಿ ನಮ್ಮ ಅಪ್ಪ, ಚಿಕ್ಕಪ್ಪಂದಿರು ಇರುತ್ತಾರೆ. ಚೀಲ ಮನೆಗೆ ಬಂದ ದಿನ ಹೊಲಕ್ಕೆ ನಾವೂ ಹೋಗೋಣ. ಅರ್ಧ ಹೊಲಕ್ಕಾದರೂ ಮಣ್ಣು ಮುಚ್ಚಿಸೋಣ, ಎರಡು ಬಾಟಲಿ ನಿಲ್ಲಿಸೋಣ, ಬಂದ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳೋಣ. ಹೊನ್ನಾಳಿಯ ಗದ್ದೆಯಲ್ಲಿ ಎಷ್ಟು, ಜಗಳೂರಿನ ಹೊಲದಲ್ಲಿ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುವ ಮೊದಲ ಕಾಗದ ನಮ್ಮ ಕಾಲೇಜುಗಳಿಂದಲೇ ಹೊರಬರಲಿ.